ಆಮೆಯ ತೊಟ್ಟಿಗೆ ಬಿದ್ದ ಕೊಸರು

ಐದು ಕಿಲೋ ಕಲ್ಲಿಗೆ ಇನ್ನೂರ ಅರವತ್ತು ರೂಪಾಯಿ ಕೊಟ್ಟೆ. ಅಂಗಡಿಯವನು ಮೊದಲು ಹೇಳಿದ್ದು ನಾನೂರು. ಕಲ್ಲಿಗೂ ದುಡ್ಡೇ ಎಂದು ನೀವು ಕೇಳಬಹುದು. ನಮ್ಮ ಗಜೇಂದ್ರಗಡದಲ್ಲಿ ಗುಡ್ಡ ಹತ್ತಿದರೆ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಗುಡ್ಡದ ಕಲ್ಲಿಗೆ ಚೂಪು ಅಂಚು. ಆಮೆಯ ತೊಟ್ಟಿಯ ತಳಕ್ಕೆ ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಗಲ್ಲೇ ಬೇಕು. ಹೊಳೆ ಅಷ್ಟು ವರ್ಷ ಉಜ್ಜಿದ ಕೂಲಿ ಎಂದುಕೊಂಡು ಕೊಟ್ಟೆ.

ಆಮೆ ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು. ಅವಳ ತಂಗಿ ಮನೆ ಬದಲಿಸುವಾಗ ಗಾಜಿನ ತೊಟ್ಟಿಯ ಸಮೇತ ಒಪ್ಪಿಸಿಹೋದ, ಕೆಂಪು ಕಿವಿಪಟ್ಟಿಯ ಪರದೇಶಿ ಆಮೆ. ಗಿರಿಜಾ ಅದಕ್ಕೆ ಶಾಂತವ್ವ ಎಂದು ಹೆಸರಿಟ್ಟಳು. ಮೂವತ್ತು ವರ್ಷ ನನ್ನ ಮಾತು ಕೇಳಿದವಳಿಗೆ ಮಾತೇ ಆಡದ ಜೊತೆಯೊಂದು ಸಿಕ್ಕಿತ್ತು. ಅವಳ ಸಂತೋಷ ನನಗೆ ಅರ್ಥವಾಗುತ್ತಿತ್ತು. ಬೆಳಿಗ್ಗೆ ಅವಳು ಹತ್ತಿರ ಬಂದರೆ ಸಾಕು, ಶಾಂತವ್ವ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿತ್ತು. ನಾನು ಹೋದರೆ ತಲೆ ಒಳಗೆಳೆದುಕೊಳ್ಳುತ್ತಿತ್ತು.

"ಕಲ್ಲು ಬ್ಯಾಡ್ರಿ. ಬರೇ ಗಾಜ ಇರ್ಲಿ, ತೊಳಿಯಾಕ ಹಗೂರ ಆಕ್ಕೈತಿ" ಎಂದಳು ಗಿರಿಜಾ.

"ಏ ಹುಚ್ಚಿ, ನಮಗ ಗ್ರಾನೈಟ್ ನೆಲ, ಅದಕ್ಕ ಬರೇ ಗಾಜೇನ?" ಎಂದೆ ನಾನು.

ನೆಲ ನೋಡಿ ಮನೆಯನ್ನು ಅಳೆಯುವುದು ನನ್ನ ಹಳೆಯ ರೋಗ. ಸೈಕಲ್ಲಿಗೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಸವಡಿ, ಅಬ್ಬಿಗೇರಿ, ಪುರ್ತಗೇರಿ ಸುತ್ತುತ್ತಿದ್ದ ಕಾಲದಲ್ಲಿ, ಪಡಸಾಲೆಯ ನೆಲ ಸೆಗಣಿ ಸಾರಿಸಿದ್ದೋ ಕಲ್ಲು ಹಾಸಿದ್ದೋ ಎಂದು ಇಣುಕಿಯೇ ಬೆಲೆ ಹೇಳುತ್ತಿದ್ದೆ. ಈಗ ಸ್ವಂತ ಅಂಗಡಿಯಿದೆ, ರೋಗ ವಾಸಿಯಾಗಿಲ್ಲ.

ಇನ್ನೊಂದು ರೋಗ ಕೊಸರು. ತೂಕ ಮುಗಿದ ಮೇಲೆ ಕೈ ಚಾಚಿ ಕೇಳುವ ಆ ಒಂದು ಹಿಡಿ. ಬೆಲೆ ಇಳಿಸುವುದು ಬುದ್ಧಿಗೆ ಸಂಬಂಧಪಟ್ಟದ್ದು, ಕೊಸರು ಮನಸ್ಸಿಗೆ. ಸಂತೆಯಲ್ಲಿ ಮೆಣಸಿನಕಾಯಿ ತೂಗಿದ ಮುದುಕಿ ಮೇಲೆ ನಾಲ್ಕು ಕಾಯಿ ಹಾಕದಿದ್ದರೆ ನಮ್ಮ ಕಡೆಯವರಿಗೆ ವ್ಯಾಪಾರ ಮುಗಿದಂತೆಯೇ ಅನಿಸದು. ತಕ್ಕಡಿ ಹುಟ್ಟಿದ ದಿನವೇ ಕೊಸರೂ ಹುಟ್ಟಿರಬೇಕು ಎಂಬುದು ನನ್ನ ಸಂಶೋಧನೆ. ಬರೀ ನ್ಯಾಯದಿಂದ ಯಾರಿಗೆ ತೃಪ್ತಿಯಾಗಿದೆ?

ಕಲ್ಲು ಕೊಂಡದ್ದು ರೋಣದಲ್ಲಿ, ಬಣ್ಣದ ಮೀನು ಮಾರುವ ಅಂಗಡಿಯಲ್ಲಿ. "ಕೊಸರು ಹಾಕೋ ತಮ್ಮಾ" ಎಂದೆ.

"ಕಾಕಾ, ಕಲ್ಲಿಗೂ ಕೊಸರು ಕೇಳ್ತೀರಲ್ರೀ!"

"ಕಲ್ಲು ಕೊಡಾಕ ಹಿಂಗ ಅಳ್ತಿ, ಬಂಗಾರ ಮಾರಿದ್ರ ಹ್ಯಾಂಗಪಾ?"

ಅವನು ನಕ್ಕು, ತೊಗರಿಬೇಳೆಯಷ್ಟು ಸಣ್ಣ ನೀಲಿ, ಕೆಂಪು ಹರಳುಗಳನ್ನು ಒಂದು ಹಿಡಿ ಚೀಲಕ್ಕೆ ಸುರಿದ. ಗೆದ್ದವನಂತೆ ಮನೆಗೆ ಬಂದು ಎಲ್ಲವನ್ನೂ ತೊಟ್ಟಿಗೆ ಹಾಸಿದೆ.

ಮೂರನೆಯ ವಾರ ಶಾಂತವ್ವ ತಿನ್ನುವುದನ್ನು ಬಿಟ್ಟಿತು. ಗಿರಿಜಾ ಬಂದರೂ ಮೂಗು ಒತ್ತಲಿಲ್ಲ. "ಥಂಡಿಗೆ ಹಸಿವು ಸತ್ತಿರ್ತೈತಿ" ಎಂದು ಅಂಗಡಿಗೆ ಹೋದೆ. ಮೂರು ದಿನ ಹಾಗೆಯೇ ಹೋದೆ. ನಾಲ್ಕನೆಯ ದಿನ ಗಿರಿಜಾ ತಾನೂ ರೊಟ್ಟಿ ಮುಟ್ಟಲಿಲ್ಲ. ಬಕೆಟ್ಟಿನಲ್ಲಿ ಆಮೆಯನ್ನಿಟ್ಟುಕೊಂಡು ಇಬ್ಬರೂ ದನದ ದವಾಖಾನೆಗೆ ಹೋದೆವು.

"ತೊಟ್ಟ್ಯಾಗ ಸಣ್ಣ ಕಲ್ಲು ಅದಾವೇನ್ರಿ?" ಎಂದು ಡಾಕ್ಟರಮ್ಮ ಕೇಳಿದರು.

"ಒಂದು ಹಿಡಿ ಅದಾವ್ರಿ. ಪುಕ್ಕಟ ಬಂದಿದ್ವು."

"ಅವನ್ನ ನುಂಗಿರಬೇಕು. ಆಮಿಗೆ ಕಾಳ್ಯಾವ್ದು, ಕಲ್ಲ್ಯಾವ್ದು ತಿಳಿಯಂಗಿಲ್ಲ." ಏನೂ ಹಾಸದ ಟಬ್ಬಿನಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ಎರಡು ದಿನ ಇಡಬೇಕು, ಕಲ್ಲು ತಾನಾಗಿ ಬೀಳದಿದ್ದರೆ ಎಕ್ಸ್-ರೇಗೆ ಹುಬ್ಬಳ್ಳಿ, ಆಮೇಲೆ ಬಹುಶಃ ಕತ್ತರಿ. ಬದುಕುತ್ತದೆ ಎಂಬ ಭರವಸೆಯನ್ನು ಅವರು ಕೊಡಲಿಲ್ಲ.

ದಾರಿಯಲ್ಲಿ ಗಿರಿಜಾ ಒಂದೇ ಮಾತು ಕೇಳಿದಳು: "ಅದು ಏನರ ಕೇಳಿತ್ತೇನ್ರಿ ನಿಮ್ಮನ್ನ?"

ಅಂದು ಕಟ್ಟೆಯ ಮೇಲೆ ಮೊರದಲ್ಲಿ ಕಲ್ಲು ಸುರಿದುಕೊಂಡು ಕೂತೆ. ಜೋಳ ಹಸನು ಮಾಡುವಾಗ ನಮ್ಮ ಹೆಂಗಸರು ಹಲ್ಲಿಗೆ ಸಿಗಬಾರದೆಂದು ಒಂದೊಂದು ಹರಳನ್ನೂ ಆರಿಸುತ್ತಾರೆ. ಅಂಥ ಮನೆಯಲ್ಲಿ ಉಂಡ ನಾನು ಇನ್ನೊಂದು ಜೀವದ ತಾಟಿಗೆ ಹರಳು ಬೆರೆಸಿದ್ದೆ.

"ಏನ್ರಿ ಮಾವಾರ, ಕಲ್ಲಾಗಿನ ಕಲ್ಲು ಆರಸಾಕತ್ತೀರಲ್ಲ! ರೊಟ್ಟಿ ಯಾವಾಗ ಬಡೀತೀರಿ?" ಎಂದು ಪಕ್ಕದ ಮನೆಯ ಸೊಸೆ ನಕ್ಕಳು. ಆರಿಸಿದ್ದು ಹಿಡಿಗಿಂತ ಕಡಿಮೆಯಿತ್ತು. ಕೊಸರನ್ನು ಯಾರೂ ಎಣಿಸಿ ಕೊಡುವುದಿಲ್ಲ, ಎಣಿಸಿ ತೆಗೆದುಕೊಳ್ಳುವುದೂ ಇಲ್ಲ. ಹೊಟ್ಟೆಯೊಳಗೆ ಎಷ್ಟಿದೆಯೆಂದು ತಿಳಿಯುವ ದಾರಿಯೇ ಇರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಟಬ್ಬಿನ ಕಡೆಯಿಂದ ಗಿರಿಜಾ "ಬಂತ್ರೀ!" ಎಂದು ಕೂಗಿದಳು. ಒಂದು ನೀಲಿ ಹರಳು. ಸಂಜೆಯೊಳಗೆ ಮೂರು ಕೆಂಪು. ಮರುದಿನ ಸೌತೆಕಾಯಿಯ ಚೂರೊಂದನ್ನು ಶಾಂತವ್ವ ನಿಧಾನವಾಗಿ ತಿಂದಿತು.

ಆದ್ದರಿಂದ ಹೇಳುತ್ತೇನೆ, ಕೇಳಿ. ಕಲ್ಲು ಹಾಕುವುದಾದರೆ ಆಮೆಯ ತಲೆಗಿಂತ ದೊಡ್ಡದನ್ನೇ ಹಾಕಿ. ಅದರ ಬಾಯೊಳಗೆ ಹೋಗುವಂಥದ್ದು ಒಂದೂ ಬೇಡ. ಹೊಸ ಕಲ್ಲನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ, ಸೋಪು ಮುಟ್ಟಿಸಬೇಡಿ. ಸೋಪು ಆಮೇಲೆ ನಿಮ್ಮ ಕೈಗೆ. ವಾರಕ್ಕೊಮ್ಮೆ ಕಲ್ಲು ಸರಿಸಿ, ಸಂದಿಯ ಹೊಲಸನ್ನು ಪೈಪಿನಿಂದ ಎಳೆದು ಗಿಡಕ್ಕೆ ಬಿಡಿ. ಇಷ್ಟು ಆಗದಿದ್ದರೆ ಬರೀ ಗಾಜೇ ಇರಲಿ; ನಮ್ಮಲ್ಲಿ ಈಗ ಅದೇ ಇದೆ. ಬೆಲೆಯನ್ನು ಎಷ್ಟಾದರೂ ಚೌಕಾಶಿ ಮಾಡಿ, ಆ ಹಕ್ಕು ಬಿಡಬೇಡಿ. ಆದರೆ ದಿನಾ ಬೆಳಿಗ್ಗೆ ಆಮೆ ತಿನ್ನುವುದನ್ನು ನಿಂತು ನೋಡಿಯೇ ಮನೆ ಬಿಡಿ. ಅಂಗಡಿ ಐದು ನಿಮಿಷ ತಡವಾಗಿ ತೆರೆದರೂ ಗಿರಾಕಿ ಬರುತ್ತಾನೆ.