ಒಂದು ಮನೆಗೆ ಒಂದೇ ಮನೆ

ನಲವತ್ತೆಂಟರ ಮಳೆಗಾಲ. ಸೇಡಂನಲ್ಲಿ ಓಣಿಓಣಿಯ ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದ್ದರು. ಗಂಡಸರನ್ನು ಹಿಡಿದೊಯ್ಯಲು ಬಂದೂಕಿನವರು ಬರುವ ಸುದ್ದಿ ಸಿಕ್ಕರೆ ಒಂದು ಮನೆಯವರು ಇನ್ನೊಂದೇ ಮನೆಗೆ ಹೇಳಬೇಕು. ಆ ಮನೆಯವರು ಮುಂದೆ ಯಾರಿಗೆ ಹೇಳುತ್ತಾರೆ ಎಂದು ಕೇಳಬಾರದು. ಸಿಕ್ಕಿಬಿದ್ದು ಏಟು ತಿಂದರೂ ಒಂದೇ ಹೆಸರು ಹೊರಬೀಳಲಿ ಎಂದು. ಭಾರಿ ಜಾಣರು! ನಡುವಿನ ಒಂದು ಮನೆ ತಪ್ಪಿದರೆ ಆಚೆಯವರ ಗತಿಯೇನು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹೊಸ ಸೊಸೆ, ನನಗೆಲ್ಲಿತ್ತು ಬಾಯಿ?

ನಮ್ಮ ಗುರುತು ಹೆಪ್ಪು. ದೀಪ ಹಚ್ಚಿದ ಮೇಲೆ ಹೆಪ್ಪನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಹಾಗಾಗಿ ಆ ಹೊತ್ತಿಗೆ ಹೆಪ್ಪು ಕೇಳಲು ಬಂದರೆ, ಗಂಡಸರನ್ನು ಹಿತ್ತಿಲಿನಿಂದ ಹೊಲಕ್ಕೆ ಕಳಿಸಿ ಎಂದರ್ಥ.

ಒಂದು ಸಂಜೆ ದೀಪ ಹಚ್ಚಿದ ಮೇಲೆ ಸುದ್ದಿ ಬಂತು. ನನ್ನ ಗಂಡ, ಮಾವ ಜೋಳದ ಹೊಲ ಸೇರಿದರು. ಅತ್ತೆ ನನ್ನ ಕೈಗೆ ಬಟ್ಟಲು ಕೊಟ್ಟರು. ನಾವು ಹೇಳಬೇಕಾದ ಮನೆಯ ಬಾಗಿಲು ತೆರೆದವಳು ನಾನು ಕಂಡೇ ಇರದ ಹೆಂಗಸು.

"ನಮ್ಮ ತಂಗಿ ಜ್ವರದಾಗ ಮಲಗ್ಯಾಳ. ಏನ್ ಬೇಕಿತ್ತವಾ?"

"ಒಂಚೂರು ಹೆಪ್ಪು ಕೊಡ್ರಿ ಅಕ್ಕಾ."

"ಅಯ್ಯ! ದೀಪ ಹಚ್ಚಿದ ಮ್ಯಾಲ ಹೆಪ್ಪು ಕೇಳ್ಲಿಕತ್ತೀಯಲ್ಲ, ನಿಮ್ಮವ್ವ ಏನೂ ಕಲಿಸಿಲ್ಲೇನು?"

ಒಳಗೆ ಆ ಮನೆಯ ಯಜಮಾನರು ಊಟಕ್ಕೆ ಕೂತಿದ್ದರು. ಕೂಗಿ ಹೇಳಬಹುದಿತ್ತು. ಆದರೆ ಈಕೆ ಯಾರೋ, ಯಾರ ಕಡೆಯವಳೋ! ಕೂಗಲು ಹೆದರಿದೆ. ಅಷ್ಟರಲ್ಲಿ ಆಕೆ ಬಾಗಿಲು ಹಾಕಿಕೊಂಡಳು.

ನನ್ನ ತವರು ಅದೇ ಊರಿನ ಕೆಳಗಿನ ಓಣಿಯಲ್ಲಿತ್ತು. ಅಲ್ಲಿಗೆ ಸುದ್ದಿ ಮುಟ್ಟಿಸುವ ಮನೆ ಯಾವುದೋ ನನಗೆ ಗೊತ್ತಿರಲಿಲ್ಲ. ಈ ಮನೆಯ ಆಚೆಗೇ ಇದ್ದರೆ? ತವರುಮನೆಯಲ್ಲಿ ಅಣ್ಣನಿದ್ದಾನೆ. ಕಟ್ಟಳೆಗೆ ಬೆಂಕಿ ಬೀಳಲಿ ಎಂದು ಓಡಿದೆ.

"ಅಣ್ಣಾ, ಲಗೂ ಹೊಲಕ್ಕ ನಡಿ! ಬರಾಕತ್ತಾರ!"

ಅಣ್ಣ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದ. "ನೀ ಹೇಳಬೇಕಾದ ಮನಿಗೆ ಹೇಳಿ ಬಂದಿಯಿಲ್ಲೋ?"

"ಹೇಳೀನಿ" ಅಂದೆ. ಇಲ್ಲ ಅಂದಿದ್ದರೆ ಯಾವ ಮನೆ ಎಂದು ಕೇಳಿ ತಾನೇ ಹೋಗಿಬಿಡುತ್ತಿದ್ದ. ಅವನ ಸ್ವಭಾವವೇ ಹಾಗೆ. ಕತ್ತಲಲ್ಲಿ ಅವನು ಹಳ್ಳ ದಾಟುವವರೆಗೂ ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ.

ಅಣ್ಣ ಉಳಿದ. ನಾನು ಹೆಪ್ಪು ಕೇಳಿದ ಮನೆಯ ಯಜಮಾನರನ್ನು ಹಿಡಿದೊಯ್ದರು. ಅವರು ತಿರುಗಿ ಬರಲಿಲ್ಲ.

ಜ್ವರ ಬಿಟ್ಟ ಮೇಲೆ ಅವರ ಹೆಂಡತಿ ನಮ್ಮ ಕಟ್ಟೆಗೆ ಬಂದು ಕೂತರು. ಅಳಲಿಲ್ಲ, ಬೈಯಲೂ ಇಲ್ಲ.

"ತಂಗಿ, ನಾ ಒಳಗೇ ಇದ್ನಲ್ಲ. ನನ್ನ ಹೆಸರು ಹಿಡಿದು ಒಮ್ಮಿ ಕೂಗಲಿಕ್ಕ ನಿನಗೇನಾಗಿತ್ತು?"