ಹೆಸರಿಲ್ಲದೆ ಹೋದ ಪ್ರಬಂಧ

ಊರ್ಮಿಳಾ ಮೇಡಂ ಪುತ್ತೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ನಾನು ಅದೇ ಕಾಲೇಜಿನ ಲೈಬ್ರರಿಯನ್. ಅವರು ಇಂದಿನವರೆಗೆ ಒಂದು ಪುಸ್ತಕವನ್ನೂ ತಡವಾಗಿ ಹಿಂತಿರುಗಿಸಿದವರಲ್ಲ. ಮನುಷ್ಯರನ್ನು ಅಳೆಯಲು ನನಗೆ ಅಷ್ಟು ಸಾಕು.

ನಮ್ಮಂಥ ಕಾಲೇಜಿನ ಹೆಸರು ಕಂಡರೆ ದೊಡ್ಡ ಸಂಶೋಧನಾ ಸಮ್ಮೇಳನದವರು ಪುಟವನ್ನೇ ತಿರುಗಿಸುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಊರ್ಮಿಳಾ ನಗುತ್ತಿದ್ದರು. ಅವರು ಕಣ್ಣಿಟ್ಟಿದ್ದ ಯುರೋಪಿನ ಸಮ್ಮೇಳನದಲ್ಲಿ ಹೆಸರು ಕಾಣುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿಗೆ ಕಳುಹಿಸುವ ಪ್ರಬಂಧದಲ್ಲಿ ಬರೆದವರ ಹೆಸರು, ಕಾಲೇಜು, ಊರು ಏನೂ ಇರಬಾರದು. ಓದುವವರು ವಿಷಯವನ್ನಷ್ಟೇ ನೋಡಿ ತೀರ್ಮಾನಿಸುತ್ತಾರೆ. ಊರ್ಮಿಳಾ ಅವರಿಗೆ ಬೇಕಾಗಿದ್ದೂ ಅದೇ. ಒಮ್ಮೆ ಯಾರಾದರೂ ತನ್ನ ಕೆಲಸವನ್ನು ನೆಟ್ಟಗೆ ಓದಬೇಕು. ಓದಿದರೆ ಒಪ್ಪುತ್ತಾರೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಕೆಲಸ ನಡೆದದ್ದು ಆಲಂಕಾರಿನ ಕಡೆಯ ಒಂದು ಹಾಲಿನ ಸೊಸೈಟಿಯಲ್ಲಿ. ಅಲ್ಲಿ ಹಾಲು ಅಳೆಯುವ ಐದು ಕೇಂದ್ರಗಳು, ಐದು ಸಣ್ಣ ಕಂಪ್ಯೂಟರುಗಳು. ಮಳೆ ಬಂದರೆ ಕರೆಂಟಿಲ್ಲ, ಕರೆಂಟಿದ್ದರೆ ನೆಟ್‌ವರ್ಕ್ ಇಲ್ಲ. ಸಂಪರ್ಕ ತಪ್ಪಿದಾಗ ಐದೂ ಕಂಪ್ಯೂಟರುಗಳು ತಮ್ಮತಮ್ಮ ಪಟ್ಟಿ ಬರೆದುಕೊಂಡು, ಸಂಪರ್ಕ ಬಂದ ಮೇಲೆ ಯಾರ ಯಜಮಾನಿಕೆಯೂ ಇಲ್ಲದೆ ಒಂದೇ ಪಟ್ಟಿಗೆ ಬರುವುದು ಹೇಗೆ? ಇದಕ್ಕೆ ಊರ್ಮಿಳಾ ಒಂದು ದಾರಿ ಹುಡುಕಿದ್ದರು. ಅದನ್ನು ಪರೀಕ್ಷಿಸಲು ಅವಕಾಶ ಕೊಟ್ಟವರು ಸೊಸೈಟಿಯ ಕಾರ್ಯದರ್ಶಿ ಕಿಟ್ಟಣ್ಣ. ಓದಿದ್ದು ಏಳನೇ ಕ್ಲಾಸು. ಆದರೆ ಕರೆಂಟು ಹೋದದ್ದು, ಬಂದದ್ದು, ಯಾವ ಕೇಂದ್ರ ಯಾವಾಗ ಸುಮ್ಮನಾಯಿತು ಎಂಬುದೆಲ್ಲವನ್ನೂ ನಿಮಿಷ ಸಮೇತ ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕಂಪ್ಯೂಟರು ಹೇಳುವುದು ನಿಜವೋ ಸುಳ್ಳೋ ಎಂದು ನೋಡಲು ಇದ್ದ ಸಾಕ್ಷಿ ಅದೊಂದೇ.

ಮೊದಲ ವರ್ಷ ಪ್ರಬಂಧ ಓದಿಸಿಕೊಳ್ಳದೆಯೇ ವಾಪಸು ಬಂತು. ತಪ್ಪು ಅಪ್ಪಟ ನಮ್ಮ ಊರಿನದು. ಇಲ್ಲಿ ಮದುವೆಯ ಕಾಗದವಿರಲಿ, ಯುವಕ ಮಂಡಲದ ವಾರ್ಷಿಕೋತ್ಸವದ್ದಿರಲಿ, ಅಚ್ಚಾದದ್ದರಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ಆ ಮನೆಯವರು ಹತ್ತು ವರ್ಷ ಮುಖ ಕೊಟ್ಟು ಮಾತಾಡುವುದಿಲ್ಲ. ಊರ್ಮಿಳಾ ತನ್ನ ಹೆಸರನ್ನೂ ಕಾಲೇಜಿನ ಹೆಸರನ್ನೂ ಶಿಸ್ತಾಗಿ ಅಳಿಸಿದ್ದರು. ಕೊನೆಯಲ್ಲಿ ಮಾತ್ರ ಕೃತಜ್ಞತೆ ಎಂದು ಅರ್ಧ ಪುಟ: ಕಿಟ್ಟಣ್ಣ, ಕೇಂದ್ರಗಳನ್ನು ನೋಡಿಕೊಂಡ ಸೇವಂತಿ, ಮಹಾಲಿಂಗ, ರುಕಿಯಾ, ನಮ್ಮ ಪ್ರಿನ್ಸಿಪಾಲರು, ಜತೆಗೆ ಸೊಸೈಟಿಯ ಪೂರ್ತಿ ವಿಳಾಸ. ಇಂಗ್ಲಿಷ್ ತಿದ್ದಿಕೊಟ್ಟ ಲೈಬ್ರರಿಯನ್ನನ ಹೆಸರೂ ಇತ್ತು, ಏಕೆಂದರೆ ಅದನ್ನು ನಾನೇ ಕೇಳಿ ಹಾಕಿಸಿಕೊಂಡಿದ್ದೆ. ಬೇರೆಯವರನ್ನು ನೆನೆದರೂ ನಮ್ಮ ಗುರುತು ಹೇಳಿಕೊಂಡಂತೆಯೇ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಬರೆದವರು ಯಾರೆಂದು ಇದರಿಂದ ತಿಳಿಯುತ್ತದೆ, ಆದ್ದರಿಂದ ಪರಿಶೀಲನೆಗೆ ಕಳುಹಿಸುತ್ತಿಲ್ಲ ಎಂದು ಎರಡು ಸಾಲಿನ ಮೇಲ್ ಬಂತು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಊರ್ಮಿಳಾ ಮಾತ್ರ, ಓದಿ ಬೇಡ ಅಂದದ್ದಲ್ಲವಲ್ಲ ಎಂದು ಹೇಳಿ ಕ್ಲಾಸಿಗೆ ಹೋದರು.

ಮರುವರ್ಷ ಕಷ್ಟ ಬೇರೆಯೇ ಇತ್ತು. ಸೊಸೈಟಿಯ ಹೆಸರು ಫಾರಿನ್ನಿನಲ್ಲಿ ಅಚ್ಚಾಗುತ್ತದೆ ಎಂದು ಕಿಟ್ಟಣ್ಣ ಮಹಾಸಭೆಯಲ್ಲಿ ಹೇಳಿಬಿಟ್ಟಿದ್ದರು. ಈಗ ಹೆಸರು ತೆಗೆಯುತ್ತೇವೆ ಎಂದರೆ ಅವರು ಮುನಿಸಿಕೊಳ್ಳದೆ ಇರುತ್ತಾರೆಯೇ? ಹೊಸ ಮಳೆಗಾಲದ ನೋಟು ಪುಸ್ತಕ ಇನ್ನೂ ಅವರ ಕೈಯಲ್ಲೇ ಇತ್ತು. ಅದು ಸಿಗದಿದ್ದರೆ ಪ್ರಬಂಧವೇ ಇಲ್ಲ. ಈ ವರ್ಷ ಹೆಸರಿನ ವಿಷಯ ಅವರಿಗೆ ಹೇಳದೆ ಕಳುಹಿಸಿ, ಆಮೇಲೆ ನೋಡಿಕೊಳ್ಳೋಣ ಎಂದು ನಾನು ಬುದ್ಧಿ ಹೇಳಿದೆ. ಊರ್ಮಿಳಾ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಒಂದು ಶನಿವಾರ ಸಂಜೆ ಹಾಲು ಅಳೆಯುವ ಹೊತ್ತಿಗೆ ಇಬ್ಬರೂ ಹೋದೆವು. ಊರ್ಮಿಳಾ ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದರು: ಹೋದ ವರ್ಷ ಏನಾಯಿತು, ಈ ವರ್ಷ ಯಾಕೆ ಹೆಸರು ಹಾಕುವ ಹಾಗಿಲ್ಲ. ಕಿಟ್ಟಣ್ಣ ಸ್ಯಾಂಪಲ್ ಬಾಟಲಿಗಳನ್ನು ಸಾಲಾಗಿ ಇಡುತ್ತಾ ಕೇಳಿಸಿಕೊಂಡರು.

“ಹೆಸರು ನೋಡಿದ ಮೇಲೆ ಹಾಲಿನ ಫ್ಯಾಟ್ ಸರಿ ನೋಡ್ಲಿಕ್ಕೆ ಆಗುದಿಲ್ಲ ಮೇಡಂ. ಮೊದಲು ನಾವು ಹಾಗೇ ಮಾಡ್ತಾ ಇದ್ದದ್ದು. ಕಾರ್ಯದರ್ಶಿಯ ಅತ್ತಿಗೆಯ ಹಾಲಿಗೆ ಮಾತ್ರ ಫ್ಯಾಟ್ ಹೇಗೆ ಜಾಸ್ತಿ ಬರ್ತದೆ ಅಂತ ಮಾತು ಬಂತು. ಈಗ ಬಾಟ್ಲಿಗೆ ಸೇವಂತಿ ನಂಬರ್ ಹಾಕುದು, ಯಾರದ್ದು ಅಂತ ಗೊತ್ತಿಲ್ಲದೆ ನಾನು ಟೆಸ್ಟ್ ಮಾಡುದು. ಆ ಫಾರಿನ್ನಿನವರು ಮಾಡುದೂ ಅದನ್ನೇ ಅಲ್ವಾ?”

ನಾವಿಬ್ಬರು ಓದಿದವರು ಎರಡು ವರ್ಷದಲ್ಲಿ ಅರ್ಥ ಮಾಡಿಕೊಂಡದ್ದು ಅವರಿಗೆ ಎರಡು ನಿಮಿಷಕ್ಕೆ ಅರ್ಥವಾಗಿತ್ತು. ಊರ್ಮಿಳಾ ಬೆಂಚು ಎಳೆದುಕೊಂಡು ಅವರ ಎದುರು ಕೂತರು.

“ಹೆಸರಿನ ಪಟ್ಟಿ ಅವರಲ್ಲಿಯೂ ಒಂದು ಉಂಟು ಕಿಟ್ಟಣ್ಣ. ಓದುವವರಿಗೆ ತೋರಿಸುದಿಲ್ಲ, ಅಷ್ಟೆ. ಅದರಲ್ಲಿ ನನ್ನ ಹೆಸರಿನ ಕೆಳಗೆ ನಿಮ್ಮದು ಹಾಕ್ತೇನೆ. ಸಹಾಯ ಮಾಡಿದವರು ಅಂತ ಅಲ್ಲ, ಬರೆದವರು ಅಂತ.”

“ನಾನು ಎಂತ ಬರ್ದದ್ದು?”

ಊರ್ಮಿಳಾ ಮೇಜಿನ ಮೇಲಿದ್ದ ನೋಟು ಪುಸ್ತಕವನ್ನು ಅವರ ಎದುರಿಗೆ ಸರಿಸಿದರು. ಇದಿಲ್ಲದಿದ್ದರೆ ತನ್ನದು ಬರೀ ಊಹೆ ಎಂದರು. ಕಿಟ್ಟಣ್ಣ ಪುಸ್ತಕ ಕೊಟ್ಟರು, ಸೊಸೈಟಿಯ ಇಮೇಲ್ ವಿಳಾಸ ಬರೆದುಕೊಟ್ಟರು, ಚಹಾ ತರಿಸಿದರು. ನನ್ನ ಹೆಸರನ್ನು ಈ ಸಲ ಯಾರೂ ಕೇಳಲಿಲ್ಲ, ಕೇಳಿ ಹಾಕಿಸಿಕೊಳ್ಳುವ ಮುಖವೂ ನನಗಿರಲಿಲ್ಲ.

ಈ ಸಲ ಪ್ರಬಂಧವನ್ನು ಮೂವರು ಓದಿದರು. ಇಬ್ಬರು ಮೆಚ್ಚಿಕೊಂಡರು. ಮೂರನೆಯವರು ಮಾತ್ರ, ದಿನಕ್ಕೆ ಒಂಬತ್ತು ಸಲ ಕರೆಂಟು ಹೋಗುತ್ತದೆ ಎಂಬುದನ್ನು ನಂಬುವುದು ಕಷ್ಟ, ಅಂಕಿಗಳು ಕಲ್ಪಿತವಿರಬಹುದು ಎಂದು ಬರೆದರು. ನನಗೆ ಮೈಯೆಲ್ಲ ಉರಿಯಿತು. ಆ ಮಹಾನುಭಾವರನ್ನು ಜೂನ್ ತಿಂಗಳಲ್ಲಿ ಒಂದು ವಾರ ಆಲಂಕಾರಿನಲ್ಲಿ ಕೂರಿಸಬೇಕು ಎಂದು ಕೂಗಾಡಿದೆ. ಊರ್ಮಿಳಾ ಸಿಟ್ಟಾಗಲಿಲ್ಲ. ಉತ್ತರ ಕೊಡಲು ನಾಲ್ಕು ದಿನ ಇತ್ತು. ನೋಟು ಪುಸ್ತಕದ ಇಪ್ಪತ್ತು ಪುಟಗಳನ್ನು, ಊರು ಹೆಸರು ಕಾಣದಂತೆ ಮುಚ್ಚಿ, ಕಂಪ್ಯೂಟರಿನ ದಾಖಲೆಯ ಪಕ್ಕದಲ್ಲಿಟ್ಟು ಕಳುಹಿಸಿದರು. ನಿಮಿಷಕ್ಕೆ ನಿಮಿಷ ತಾಳೆಯಾಗುತ್ತಿತ್ತು.

ಫಲಿತಾಂಶದ ಮೇಲ್ ಪ್ರಬಂಧ ಬರೆದವರೆಲ್ಲರಿಗೂ ಒಟ್ಟಿಗೆ ಹೋಗುತ್ತದೆ. ಬೆಳಿಗ್ಗೆ ಹಾಲಿನ ಹೊತ್ತಿಗೆ ಅದನ್ನು ಮೊದಲು ಕಂಡವರು ಕಿಟ್ಟಣ್ಣ. ಕೂಡಲೇ ಫೋನ್ ಮಾಡಿದರಂತೆ.

“ಮೇಡಂ, ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿದೆ. ನಿಮ್ಮ ಹೆಸರು ಉಂಟು, ಕೆಳಗೆ ನನ್ನದು ಉಂಟು. ಅಷ್ಟು ನನಗೆ ಓದ್ಲಿಕ್ಕೆ ಆಯ್ತು. ಪಾಸಾ ಫೇಲಾ ನೀವು ನೋಡಿ ಹೇಳಿ.”

ಊರ್ಮಿಳಾ ತನ್ನ ಮೇಲ್ ತೆರೆದು ಎರಡು ಸಲ ಓದಿದರು.

“ಪಾಸ್, ಕಿಟ್ಟಣ್ಣ. ನಮ್ಮಿಬ್ಬರದ್ದೂ.”

ಆ ಕಡೆ ಕಿಟ್ಟಣ್ಣ ಫೋನ್ ಇಡುವುದನ್ನು ಮರೆತು, ಕ್ಯಾನು ಹಿಡಿದು ಲೈನಿನಲ್ಲಿ ನಿಂತಿದ್ದವರಿಗೆಲ್ಲ ಕೇಳುವಂತೆ, ಆ ಇಂಗ್ಲಿಷ್ ಕಾಗದದಿಂದ ತನಗೆ ಓದಲು ಬರುತ್ತಿದ್ದ ಎರಡು ಹೆಸರಿನ ಸಾಲುಗಳನ್ನು ಗಟ್ಟಿಯಾಗಿ ಓದಿದ್ದು ಊರ್ಮಿಳಾ ಅವರಿಗೆ ಕೇಳಿಸಿತು.