ಗುಂಡಪ್ಪ ಮೊದಲು ಮಲಗಿದ ಮಂಚ

ಮಗುವಿಗೆ ತೊಟ್ಟಿಲು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಷ್ಟೇ. ನಮ್ಮ ಮನೆಯೊಡತಿ ಸಣ್ಣತಾಯಮ್ಮ ಸೊಪ್ಪಿನ ಮೊರವನ್ನು ಕೆಳಗಿಟ್ಟು, ಎದ್ದು ಬಂದು, ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಬುಡ್ತು ಅನ್ನವ್ವ, ಮೊದ್ಲು ಬುಡ್ತು ಅನ್ನು! ಮಗ ಉಟ್ಟೋಕ್ ಮುಂಚೆ ತೊಟ್ಲು ಮಾತ್ ಆಡ್ತಾರಾ ಯಾರಾದ್ರೂವೆ?"

ಬಾಯಿ ಮುಚ್ಚಿಸಿಕೊಂಡವಳು ಏನು ತಾನೇ ಅಂದಾಳು? ಕೈ ತೆಗೆದ ಮೇಲೆ "ಬಿಡ್ತು" ಅಂದೆ. ಆಗ ನಾನು ಏಳು ತಿಂಗಳ ಬಸುರಿ. ಪಾಂಡವಪುರಕ್ಕೆ ಬಂದು ವರ್ಷ ಕಳೆದಿತ್ತು. ದಿನವೂ ಬಸ್ಸು ತುಂಬ ಜನರ ಬಾಯಿ ಮುಚ್ಚಿಸುವ ಕಂಡಕ್ಟರ್ ನಾನು. ನನ್ನ ಬಾಯಿಯನ್ನು ಹೀಗೆ ಯಾರೂ ಮುಚ್ಚಿರಲಿಲ್ಲ.

ನನ್ನ ಹೆಸರು ಶಿವಲೀಲಾ, ಮುದ್ದೇಬಿಹಾಳದ ಹತ್ತಿರದ ಹಳ್ಳಿಯವಳು. ಗಂಡ ಈರಣ್ಣ ಇಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ನಾನು ಅದೇ ಡಿಪೋದ ಕಂಡಕ್ಟರು. ಊರಿನಿಂದ ಫೋನು ಬಂದಾಗಲೆಲ್ಲ "ಅಲ್ಲಿ ಹೆಂಗದೀರಿ?" ಎಂದು ಕೇಳುತ್ತಾರೆ. "ಆರಾಮ ಅದೀವಿ" ಅಂದು ಇಟ್ಟುಬಿಡುತ್ತೇನೆ. ನಿಜವಾಗಿ ಹೇಗಿದ್ದೇವೆ ಎಂದು ಹೇಳಬೇಕಾದರೆ ಒಂದು ಮಂಚದ ಕತೆ ಹೇಳಬೇಕು. ಅದು ಫೋನಿನಲ್ಲಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಂದ ಹೊಸತರಲ್ಲಿ ನನಗೆ ಸಿಟ್ಟೇ ಸಿಟ್ಟು. ನಮ್ಮ ಕಡೆ ಶಾಲೆಗೆ ಹೋಗುವ ಹುಡುಗನಿಗೂ ಬಾಯಿತಪ್ಪಿ "ರೀ" ಅಂದುಬಿಡುತ್ತೇವೆ. ಇಲ್ಲಿ ಬಸ್ಸು ಹತ್ತುತ್ತಲೇ ಎಲ್ಲರೂ "ನೀನು". ಒಂದು ದಿನ "ಟಿಕೆಟ್ ತಗೋರಿ" ಅಂದರೆ ಸಿಂಧಘಟ್ಟದ ಯಜಮಾನರೊಬ್ಬರು, "ಕೊಡವ್ವ, ಅದ್ಯಾಕಂಗೆ ರೀ ರೀ ಅಂತೀಯೆ, ನಾನೇನ್ ಸಾಯೇಬ್ನಾ?" ಅಂದರು. ಇಡೀ ಬಸ್ಸು ನಕ್ಕಿತು. ಇಳಿಯುವಾಗ ಅದೇ ಯಜಮಾನರು ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಸೀಟಿನ ಮೇಲಿಟ್ಟು ಹೋದರು. ಏಕವಚನದಲ್ಲಿ ಕರೆದು ಬಾಳೆಹಣ್ಣು ಕೊಡುವವರ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲಿ? ಆಮೇಲೆ ಒಂದೊಂದೇ ಕಲಿತೆ. "ಮಡಗು" ಅಂದರೆ ಇಡು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ರೊಟ್ಟಿ ತಿಂದು ಬೆಳೆದ ಹಲ್ಲುಗಳಿಗೆ ಅದನ್ನು ತಿಳಿಹೇಳುವುದೇ ದೊಡ್ಡ ಕಷ್ಟವಾಯಿತು. ಈರಣ್ಣನಿಗೆ ಸಂಜೆ ಪಾಳಿ ಬಿದ್ದ ವಾರಗಳಲ್ಲಿ ಬಾಗಿಲು ತೆಗೆದರೆ ನಮ್ಮ ಮಾತು ಆಡುವ ಒಂದು ಜೀವವೂ ಮನೆಯಲ್ಲಿ ಇರುತ್ತಿರಲಿಲ್ಲ. ಸೀರೆ ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದೂ ಉಂಟು.

ಮೊದಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಬಿಪಿ ಏರಿತೆಂದು ಡಾಕ್ಟರು ರೈಲು ಹತ್ತಬೇಡ ಅಂದರು. ಹೀಗಾಗಿ ತವರೇ ಇಲ್ಲಿಗೆ ಬಂತು: ಅವ್ವ, ಅವಳ ಜೊತೆ ಒಂದು ಚೀಲ ಜೋಳದ ಹಿಟ್ಟು, ಶೇಂಗಾ ಚಟ್ನಿ, ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಎರಡು ಕೌದಿ. ಗಂಡುಮಗು ಹುಟ್ಟಿತು. ಆಗ ತೊಟ್ಟಿಲಿನ ಮಾತನ್ನು ಯಾರು ಬೇಕಾದರೂ ಆಡಬಹುದಾಯಿತು, ಎಲ್ಲರೂ ಆಡಿದರು.

"ನಮ್ಮನಿ ಬಣ್ಣದ ತೊಟ್ಲ ಐತೆಲ್ಲ, ನಿನ್ನ ಮಲಗಿಸಿದ್ದು. ನಿಮ್ಮಪ್ಪಗ ಹೇಳಿ ಲಾರಿಗೆ ಹಾಕಸ್ತೀನಿ" ಎಂದಳು ಅವ್ವ.

"ತಂದು ಎಲ್ಲಿ ತೂಗಹಾಕ್ತಿ, ಹೇಳಬೇ?"

ಅವ್ವ ತಲೆಯೆತ್ತಿ ನೋಡಿದಳು. ನಮ್ಮೂರಿನ ಮನೆಯಂತೆ ಇಲ್ಲಿ ದಪ್ಪ ತೊಲೆಗಳಿಲ್ಲ. ಸಪಾಟಾದ ಆರ್‌ಸಿಸಿ, ನಡುವೆ ಒಂದು ಫ್ಯಾನು. ತಾಯಮ್ಮನ ಹತ್ತಿರ ಅದಕ್ಕೂ ದಾರಿಯಿತ್ತು. "ಕಿಟ್ಕಿಗೆ ಒಂದ್ ಕಡೆ, ಬಾಗ್ಲಿಗೆ ಒಂದ್ ಕಡೆ ಸೀರೆ ಕಟ್ಟಿ ಜೋಲಿ ಮಾಡುದ್ರಾಯ್ತು ಬುಡು. ನನ್ ಮಕ್ಳೆಲ್ಲಾ ಜೋಲೀಲೇ ಬೆಳೆದ್ವು." ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಅರ್ಧ ತಿಳಿಯದಿದ್ದರೂ ಆ ಇಬ್ಬರು ಸೇರಿ ನನ್ನ ವಿರುದ್ಧ ಒಂದಾಗಿಬಿಟ್ಟರು.

ನನ್ನ ಚಿಂತೆ ಬೇರೆ. ರಜೆ ಮುಗಿದ ಮೇಲೆ ನಾನು ಡ್ಯೂಟಿಗೆ ಹೋಗಬೇಕು, ಅವ್ವ ಊರಿಗೆ ಹೋಗಬೇಕು. ಮಗು ತಾಯಮ್ಮನ ಕೈಯಲ್ಲಿ. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ, ಆದರೆ ಹಿತ್ತಲಲ್ಲಿ ಎರಡು ಹಸು ಇವೆ. ಹುಲ್ಲು ಹಾಕಲು, ಹಾಲು ಕರೆಯಲು ಹೋದಾಗ ಮಗು ಕೋಣೆಯಲ್ಲಿ ಒಂದೇ ಇರುತ್ತದೆ. ನಾನು ಕೆ.ಆರ್. ಪೇಟೆಯ ಹಾದಿಯಲ್ಲಿ ಟಿಕೆಟ್ ಕೊಡುತ್ತಿರುವಾಗ ಇಲ್ಲಿ ಅದು ಸೀರೆಯೊಳಗೆ ಮುಖ ಮಡಚಿಕೊಂಡರೆ? ಹೊರಳಿ ಬಿದ್ದರೆ? ನಾನಿಲ್ಲದ ಹೊತ್ತಿನಲ್ಲೂ ನಾನು ನಂಬಬಹುದಾದ ಒಂದು ಜಾಗ ನನಗೆ ಬೇಕಿತ್ತು. ಅದು ಸಿಗದಿದ್ದರೆ ನೌಕರಿ ಬಿಡುವುದೇ ಎಂದು ಈರಣ್ಣನಿಗೆ ಹೇಳಿಯೂ ಇದ್ದೆ. ಕಷ್ಟಪಟ್ಟು ಪಡೆದ ನೌಕರಿ ಅದು.

ಆಸ್ಪತ್ರೆಯಿಂದ ಬಿಡುವಾಗ ಸಿಸ್ಟರ್ ಒಬ್ಬರು ಬಾಣಂತಿಯರಿಗೆಲ್ಲ ಹೇಳಿದ್ದರು: ಮಗು ಅಂಗಾತ ಮಲಗಬೇಕು, ಹಾಸಿಗೆ ಸಮತಟ್ಟಾಗಿ ಗಟ್ಟಿಯಾಗಿರಬೇಕು, ಮುಖದ ಹತ್ತಿರ ದಿಂಬು ಬೇಡ, ದಪ್ಪ ಹೊದಿಕೆ ಬೇಡ, ಕಂಬಿಗಳ ನಡುವೆ ತಲೆ ತೂರಬಾರದು. ಅದನ್ನು ನಾನು ನನ್ನ ಕೈಗೆ ಹೊಂದಿಸಿಕೊಂಡೆ. ಕಂಬಿಗಳ ನಡುವೆ ನನ್ನ ಮೂರು ಬೆರಳು ಹೋಗಬಹುದು, ನಾಲ್ಕನೆಯದು ಹೋಗಬಾರದು. ಹಾಸಿಗೆಗೂ ಕಂಬಿಗೂ ಮಧ್ಯೆ ಎರಡು ಬೆರಳೂ ಇಳಿಯಬಾರದು. ಹಾಸಿಗೆಯನ್ನು ಅಂಗೈಯಿಂದ ಒತ್ತಿ ಬಿಟ್ಟರೆ ಗುಳಿ ಉಳಿಯಬಾರದು.

ಬಾಣಂತನ ತುಸು ಸಡಿಲವಾದ ಮೇಲೆ ಮಗುವನ್ನು ಅವ್ವನ ಹತ್ತಿರ ಬಿಟ್ಟು ಬಸ್ಸು ಹತ್ತಿದೆ. ನನ್ನದೇ ರೂಟಿನಲ್ಲಿ ಟಿಕೆಟ್ ಚೀಲವಿಲ್ಲದೆ ಕೂತು ಹೋಗುವುದು ವಿಚಿತ್ರವಾಗಿತ್ತು. ಶ್ರೀರಂಗಪಟ್ಟಣದಲ್ಲಿ ಒಂದು ಫರ್ನಿಚರ್ ಅಂಗಡಿ. ಅಂಗಡಿಯ ಭಾಯಿ ಚಕ್ರ ಹಾಕಿದ, ಗುಲಾಬಿ ಬಣ್ಣದ, ಮೇಲೆ ಝಾಲರಿ ಇಳಿಬಿಟ್ಟ ಮಂಚ ತೋರಿಸಿದರು. "ನೋಡಿ ಅಕ್ಕ, ಬಚ್ಚೆಗೆ ಏಕ್‌ದಂ ಬೆಸ್ಟು." ನಾನು ಕಂಬಿಗಳ ನಡುವೆ ಬೆರಳಿಟ್ಟೆ. ಇಡೀ ಮುಷ್ಟಿಯೇ ಒಳಗೆ ಹೋಯಿತು.

"ಏನಕ್ಕ, ಕೈ ಹಾಕಿ ಏನ್ ಹುಡುಕ್ತೀರ?"

"ಕೂಸಿನ ತಲಿ ಸಿಗಬಾರದಲ್ರಿ, ಅದನ್ನ ನೋಡಾಕತ್ತೀನಿ."

ಭಾಯಿ ನಕ್ಕರು, ಆಮೇಲೆ ತಾವೂ ಒಮ್ಮೆ ಕೈ ಹಾಕಿ ನೋಡಿ ನಗು ನಿಲ್ಲಿಸಿದರು. "ಸಹಿ ಬಾತ್ ಅಕ್ಕ. ನಮ್ಮ ಬೀವಿ ತಮ್ಮಂದು ನಾಗಮಂಗಲದಲ್ಲಿ ಅಂಗಡಿ ಅದೆ, ಮರದ್ದು ಮಾಡಿಸ್ತಾನೆ. ಅಲ್ಲಿ ನೋಡಿ." ವ್ಯಾಪಾರ ಬಿಟ್ಟು ದಾರಿ ತೋರಿಸಿದ ಮನುಷ್ಯ! ಮುಂದೆ ಕೆ.ಆರ್. ಪೇಟೆಯಲ್ಲಿ ಬಲೆ ಬಿಗಿದ ಕಬ್ಬಿಣದ ತೊಟ್ಟಿಲು ನೋಡಿದೆ. ಬಲೆ ಮಧ್ಯದಲ್ಲಿ ಜೋತುಬಿದ್ದಿತ್ತು, ಬೇಡ ಅಂದೆ. ಕೊನೆಗೆ ನಾಗಮಂಗಲದ ಆ ಅಂಗಡಿಯಲ್ಲಿ ಬಣ್ಣವಿಲ್ಲದ, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ ಮರದ ಮಂಚ ಸಿಕ್ಕಿತು. ಮೂರು ಬೆರಳು ಹೋದವು, ನಾಲ್ಕನೆಯದು ನಿಂತಿತು. ತೆಂಗಿನ ನಾರಿನ ಹಾಸಿಗೆ ಅಂಗೈಗೆ ಗಟ್ಟಿಯಾಗಿ ತಾಗಿತು. ನನಗೆ ಎಂಥ ಜಂಬ ಬಂತೆಂದರೆ, ಅಲ್ಲೇ ಅಂಗಡಿಯವನಿಗೆ ಮಗುವಿನ ಮಂಚ ಹೇಗಿರಬೇಕೆಂದು ಒಂದು ಭಾಷಣವನ್ನೇ ಕೊಟ್ಟೆ.

ಮಂಚವನ್ನು ಬಸ್ಸಿನ ಹಿಂದಿನ ಸೀಟಿನ ಹತ್ತಿರ ಇಟ್ಟೆವು. ಕಂಡಕ್ಟರು ನಮ್ಮ ಡಿಪೋದವನೇ. "ಸ್ಟಾಫು ಅಂತ ಬುಡೋಕಾಯ್ತದಾ ಅಕ್ಕ?" ಎನ್ನುತ್ತಾ ಲಗೇಜು ಟಿಕೆಟ್ ಹರಿದೇ ಕೊಟ್ಟ. ನಾನಾಗಿದ್ದರೂ ಹರಿಯುತ್ತಿದ್ದೆ. ಹೊಣಕೆರೆ ಕಡೆಯ ಇಬ್ಬರು ಹೆಂಗಸರು ದಾರಿಯುದ್ದಕ್ಕೂ ಅದು ಅಲುಗದಂತೆ ಕಾಲು ಅಡ್ಡ ಕೊಟ್ಟು ಕೂತರು, ಮಗು ಗಂಡೋ ಹೆಣ್ಣೋ, ಯಾರ ಹಾಗಿದೆ ಎಂದೆಲ್ಲ ಕೇಳಿದರು.

ಮನೆಯಲ್ಲಿ ತಾಯಮ್ಮ ಮಂಚವನ್ನು ಸುತ್ತು ಹಾಕಿ ನೋಡಿದರು. "ಏನವ್ವ ಇದು, ಕೋಲ್ಟು ಕಟಕಟೆ ಇದ್ದಂಗದೆ! ನಮ್ ಮಗ ಯಾರ್ ಮನೆಗ್ ಕನ್ನ ಹಾಕ್ತು ಅಂತ ಇದ್ರೊಳಕ್ ನಿಲ್ಲುಸ್ತೀಯೆ?"

ಅವ್ವನೂ ಸೇರಿಕೊಂಡಳು. "ತೂಗಾಕ ಬರೂದಿಲ್ಲ, ಜೋಗುಳ ಹಾಡಿದ್ರ ಯಾವುದಕ್ಕ ಹಾಡೂದು?"

ನಾನು ಜಗ್ಗಲಿಲ್ಲ. ನನ್ನ ಆರೋಗ್ಯದ ಕಾರಣಕ್ಕೆ ಮುಂದೆ ಹೋಗಿದ್ದ ನಾಮಕರಣವನ್ನು ಆ ಮಂಚದಲ್ಲೇ ಮಾಡುವುದೆಂದು ಹಟ ಹಿಡಿದೆ. ತಾಯಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ: ಮೊದಲು ಗುಂಡಪ್ಪ ಮಲಗಬೇಕು. ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮಗುವಿಗಿಂತ ಮೊದಲು ತೊಟ್ಟಿಲಿನಲ್ಲಿ ಮಲಗಿಸುವ ಶಾಸ್ತ್ರ ಅದು. ನಮ್ಮ ಮನೆಯಲ್ಲಿ ಅಂಗೈ ಅಗಲದ ಕಲ್ಲಿನಲ್ಲಿ ಮುಗಿಸುತ್ತೇವೆ. ತಾಯಮ್ಮ ಮಾತ್ರ ಹಿತ್ತಲಿನ ಒರಳಿನಿಂದ ದೊಡ್ಡ ಗುಂಡನ್ನೇ ಎತ್ತಿ, ಸೊಂಟಕ್ಕೆ ಆನಿಸಿಕೊಂಡು ತಂದರು.

"ಅಷ್ಟ್ ದೊಡ್ಡದ್ಯಾಕ್ರಿ?" ಅಂದೆ.

"ಗುಂಡಪ್ಪ ತಡ್ಕಂಡ್ರೆ ಮಗಾನೂ ತಡ್ಕತದೆ, ಸುಮ್ಕಿರು ನೀನು."

ಬೀದಿಯ ಹೆಂಗಸರೆಲ್ಲ ಸೇರಿದ್ದರು. ಹಾಡು ಶುರುವಾಯಿತು. ಕಲ್ಲನ್ನು ಮಲಗಿಸಿ ತಾಯಮ್ಮ ಕೈ ತೆಗೆದರೋ ಇಲ್ಲವೋ, ಚಟ್ ಎಂದು ಸದ್ದಾಯಿತು. ಹಾಸಿಗೆ ಕುಸಿಯಿತು, ಅಡಿಯ ತೆಳು ಹಲಗೆ ಮುರಿದು ಮೊಳೆಗಳು ಕಿತ್ತುಬಂದವು, ಗುಂಡಪ್ಪ ನೆಲಕ್ಕೆ ಬಿದ್ದ. ಹಾಡು ನಿಂತಿತು. ನನ್ನ ತೋಳಿನಲ್ಲಿ ಮಗ ಬೆಚ್ಚಿ ಅಳತೊಡಗಿದ. "ಅಯ್ಯಯ್ಯೋ, ಅಪಶಕುನ" ಎಂದು ಹಿಂದಿನಿಂದ ಯಾರೋ ಅಂದರು. ಅವ್ವನ ಮುಖ ಬಿಳಿಚಿಕೊಂಡಿತು. ನಾನೋ, ಅಷ್ಟು ಕಂಬಿಗೆ ಬೆರಳಿಟ್ಟು ನೋಡಿದವಳು ಮಂಚವನ್ನು ಒಮ್ಮೆ ಮಗುಚಿ ಅಡಿಯನ್ನು ನೋಡಿರಲಿಲ್ಲ.

ತಾಯಮ್ಮ ತಿರುಗಿ ನಿಂತರು. "ಯಾವಳೇ ಅವ್ಳು ಅಪಶಕ್ನ ಅಂದೋಳು? ಬಿದ್ದೋನು ಗುಂಡಪ್ಪ, ನಮ್ ಮಗ ಅಲ್ಲ! ಮಗ ಬೀಳ್ಬಾರ್ದು ಅಂತ್ಲೇ ಗುಂಡಪ್ಪ ಬಿದ್ದವ್ನೆ. ಇದ್ಕಿಂತ ಒಳ್ಳೆ ಸಕ್ನ ಬೇಕಾ ನಿಂಗೆ?" ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದರು. "ನೀನ್ಯಾಕವ್ವ ಅಳ್ತೀಯೆ? ಮಂಚ ಚೆಂದಾಗದೆ. ತಳ ಒಂದ್ ಸರಿ ಮಾಡ್ಸು."

ನಾನು ಅಳುತ್ತಿದ್ದೇನೆಂದು ಆಗಲೇ ನನಗೆ ಗೊತ್ತಾದದ್ದು. ಅವ್ವನನ್ನು ಬಿಟ್ಟರೆ ಈ ಊರಿನಲ್ಲಿ ನನ್ನ ಪರವಾಗಿ ಹಾಗೆ ಬಾಯಿ ಮಾಡಿದವರು ಅವರೊಬ್ಬರೇ.

ಈರಣ್ಣ ಅವತ್ತೇ ಅಂಗಿ ತೋಳು ಮಡಚಿದ. ಮುರಿದ ಹಲಗೆ ತೆಗೆದು, ಉದ್ದಕ್ಕೂ ದಪ್ಪ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ, ಮೊಳೆಯ ಬದಲು ಬೋಲ್ಟು ಹಾಕಿ ಬಿಗಿದ. ಬೋಲ್ಟಿನ ತಲೆಗಳು ಮಗುವಿನ ಕೈಗೆ ತಾಗದಂತೆ ಅಡಿಗೆ ತಿರುಗಿಸಿದ. ಮುಗಿದ ಮೇಲೆ ತಾನೇ ಮಂಚದೊಳಗೆ ಒಂದು ಕಾಲಿಟ್ಟು ಭಾರ ಬಿಟ್ಟು ನಿಂತ. ಬಸ್ಸು ರಿಪೇರಿ ಮಾಡುವ ಕೈ, ಸುಮ್ಮನೆ ಮಾತೇ? ಗುಂಡಪ್ಪನನ್ನು ಮತ್ತೆ ಮಲಗಿಸಿದರು, ಹಾಡು ನಿಂತಲ್ಲಿಂದ ಮುಂದುವರಿಯಿತು. ಆಮೇಲೆ ಮಗನನ್ನು ಮಲಗಿಸಿ ಸಂಗಮೇಶ ಎಂದು ಹೆಸರಿಟ್ಟೆವು. ಅವ್ವನಿಗೆ ಅದು ನಮ್ಮ ಕೂಡಲಸಂಗಮದ ಹೆಸರು, ಬೀದಿಯ ಹೆಂಗಸರಿಗೆ ಶ್ರೀರಂಗಪಟ್ಟಣದ ಸಂಗಮದ್ದು. ಯಾರಿಗೂ ತಕರಾರಿಲ್ಲ.

ಇನ್ನೊಂದು ಜಗಳ ಬಾಕಿಯಿತ್ತು. ತಲೆ ದುಂಡಗಾಗಲೆಂದು ತಾಯಮ್ಮ ಸಾಸಿವೆ ತುಂಬಿದ ಪುಟ್ಟ ದಿಂಬು ಹೊಲಿದಿದ್ದರು, ಅವ್ವ ಕೌದಿ ಹಿಡಿದು ನಿಂತಿದ್ದಳು. "ನಿಮ್ಮ ಗುಂಡಪ್ಪನ ಮಾತು ನಾ ಕೇಳೀನಿ. ಈಗ ನನ್ನ ಮಾತು ನೀವು ಕೇಳ್ರಿ. ಮಂಚದಾಗ ಕೂಸು ಬಿಟ್ರ ಬ್ಯಾರೆ ಏನೂ ಬ್ಯಾಡ" ಅಂದೆ. ತಾಯಮ್ಮ ದಿಂಬನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಆಯ್ತು ಬುಡವ್ವ" ಎಂದು ಅದನ್ನು ಒಳಗಿಟ್ಟು ಬಂದರು. ಮುಂದಿನ ವಾರ ಪಾಲಹಳ್ಳಿಯಿಂದ ಬಂದ ತಮ್ಮ ನೆಂಟರ ಸೊಸೆಗೆ, "ಕೂಸ್ಗೆ ದಿಂಬು ಆಕ್ಬಾರ್ದು ಕಣವ್ವ, ಉಸ್ರು ಕಟ್ಕತದೆ" ಎಂದು ತಾವೇ ಕಂಡುಹಿಡಿದವರಂತೆ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಗು ತಡೆದುಕೊಂಡೆ.

ಅವ್ವ ಊರಿಗೆ ಹೋದಳು, ನಾನು ಮತ್ತೆ ಡ್ಯೂಟಿಗೆ ಸೇರಿದೆ. ಮೊದಲ ದಿನ ಯಾರಿಗೆ ಚಿಲ್ಲರೆ ಕೊಟ್ಟೆ, ಯಾರಿಗೆ ಬಿಟ್ಟೆ, ಒಂದೂ ನೆನಪಿಲ್ಲ. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಬಸ್ಸು ಪಾಂಡವಪುರ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತಿತು. ಮನೆ ಹಿಂದಿನ ಬೀದಿಯಲ್ಲೇ. ಡ್ರೈವರ್‌ಗೆ ಹೇಳಿ ಟಿಕೆಟ್ ಚೀಲದ ಸಮೇತ ಓಡಿದೆ.

ಸಂಗಮೇಶ ಅಂಗಾತ ಮಲಗಿ, ಕೈ ಎರಡೂ ಮೇಲಕ್ಕೆ ಚೆಲ್ಲಿ ನಿದ್ದೆ ಮಾಡುತ್ತಿದ್ದ. ದಿಂಬಿಲ್ಲ, ಕೌದಿಯಿಲ್ಲ. ಮಂಚದ ಪಕ್ಕ, ನೆಲದ ಮೇಲೆ ಗುಂಡುಕಲ್ಲು ಕೂತಿತ್ತು. ತಾಯಮ್ಮ ಬಾಗಿಲಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಇದ್ಯಾಕ ಇಲ್ಲೈತ್ರಿ, ತಾಯಮ್ಮ?"

"ಇನ್ನೆಲ್ಲಿ ಮಡಗ್ಲಿ? ದಿನಾ ಬೆಳಿಗ್ಗೆ ಎತ್ಕ ಬರೋದು ಕಷ್ಟ ಕಣವ್ವ, ಇಲ್ಲೇ ಇರ್ಲಿ ಅಂತ."

"ದಿನಾ ಯಾಕ ತರ್ತಿದ್ರಿ?"

"ನೀ ಬಸ್ಸಿಗೆ ಓದೇಟ್ಗೆ ಮೊದ್ಲು ಗುಂಡಪ್ಪನ್ನ ಮಲುಗ್ಸಿ ನೋಡ್ತೀನಿ. ತಳ ಗಟ್ಟಿಗದೆ ಅಂತ ಗೊತ್ತಾದ್ ಮೇಲೆ ನಿನ್ ಮಗೀನ ಮಡಗ್ತೀನಿ. ನಿನ್ನಂಗೇ ಮೂರು ಬೆಳ್ಳೂ ಇಕ್ಕಿ ನೋಡ್ತೀನಿ. ಓಗು ಓಗು, ನಿನ್ ಬಸ್ಸು ಬಡ್ಕತಾ ಅದೆ."

ನಿಜ, ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. ನಾನು ಅವರ ಕಾಲು ಮುಟ್ಟಿ ಓಡಿದೆ. ಆ ದಿನ ಒಬ್ಬರಿಗೂ ಚಿಲ್ಲರೆ ತಪ್ಪು ಕೊಡಲಿಲ್ಲ.

ಈಗ ಅವ್ವ ಫೋನು ಮಾಡಿದಾಗಲೆಲ್ಲ ಒಂದೇ ಮಾತು: ಊರ ಕಡೆ ವರ್ಗಾವಣೆ ಕೇಳಿಕೊಳ್ಳಿರಿ. ನನಗೂ ಆಸೆಯಿದೆ. ಕೃಷ್ಣೆಯ ದಂಡೆಯ ಗಾಳಿ, ಬಿಸಿ ರೊಟ್ಟಿ, "ರೀ" ಎಂದು ಕರೆಯುವ ಜನ ಕನಸಿನಲ್ಲಿ ಬರುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ ಈರಣ್ಣ ಅಂದ, "ಮಂಚದ ಚಿಂತಿ ಬ್ಯಾಡ. ಬೋಲ್ಟ್ ಬಿಚ್ಚಿದ್ರ ಲಾರಿಗೆ ಹೋಗತೈತಿ."

"ಗುಂಡಪ್ಪ?"

"ಏ, ಕಲ್ಲು ನಮ್ಮೂರಾಗ ಬೇಕಾದಷ್ಟು ಸಿಗತಾವ."

"ಕಲ್ಲು ಸಿಗತಾವ. ದಿನಾ ಅದನ್ನ ಎತ್ತಿ ಮಲಗಸಾಕ ತಾಯಮ್ಮ ಸಿಗತಾರೇನು?"

ಅವನು ತಟ್ಟೆಯಲ್ಲಿದ್ದ ಮುದ್ದೆ ಮುರಿದು, ಅಗಿಯದೆ ನುಂಗಿದ. ವರ್ಗಾವಣೆಯ ಮಾತನ್ನು ಅವತ್ತು ಮತ್ತೆ ಎತ್ತಲಿಲ್ಲ.